ಕಣ್ಣಿನ ಫೋಟೋದಲ್ಲಿ ಹಸಿರು ಚುಕ್ಕೆ ಕಂಡರೆ ಗಾಬರಿಯಾಗಬೇಕೇ?

ಕಣ್ಣಿನ ತಪಾಸಣೆಯಲ್ಲಿ ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಕೆಲವೊಮ್ಮೆ ಹಸಿರು ಚುಕ್ಕೆಗಳು ಹೊಳೆಯುತ್ತವೆ. ನೋಡಿದವರಿಗೆ ಕಣ್ಣೇ ತೂತಾಯಿತೇನೋ ಎಂಬ ಭಯ. ಆದರೆ ಇಂಥ ಒಂದೆರಡು ಚುಕ್ಕೆ ಆರೋಗ್ಯವಂತರ ಕಣ್ಣಲ್ಲೂ ಕಾಣಿಸುತ್ತವೆ.

ಏನಿದು ಬಣ್ಣ?

ಇದರ ಹೆಸರು ಫ್ಲೋರೆಸೀನ್. 1871ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ್ದು. ಬಣ್ಣವಿರುವ ಕಾಗದದ ಪಟ್ಟಿಯನ್ನು ಸಲೈನ್‌ನಲ್ಲಿ ಒದ್ದೆ ಮಾಡಿ ರೆಪ್ಪೆಯ ಒಳಭಾಗಕ್ಕೆ ಮುಟ್ಟಿಸುತ್ತಾರೆ. ಅದು ಕಣ್ಣೀರಿನೊಂದಿಗೆ ಹರಡುತ್ತದೆ. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ.

ಚುಕ್ಕೆ ಏಕೆ ಬರುತ್ತದೆ?

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಚರ್ಮದಂತೆ ಇದರ ಮೇಲ್ಪದರದಲ್ಲೂ ಹಳೆಯ ಕೋಶಗಳು ಉದುರಿ ಹೊಸವು ಬರುತ್ತಲೇ ಇರುತ್ತವೆ. ಸವೆದ ಅಥವಾ ಹಾನಿಯಾದ ಕೋಶಗಳು ಬಣ್ಣವನ್ನು ಹೆಚ್ಚು ಹೀರಿಕೊಂಡು ಚುಕ್ಕೆಯಾಗಿ ಕಾಣುತ್ತವೆ. ಇಂದು ಕಂಡ ಚುಕ್ಕೆ ನಾಳೆ ಇರದೇ ಹೋಗಬಹುದು.

ವೈದ್ಯರು ಏನು ನೋಡುತ್ತಾರೆ?

ಚುಕ್ಕೆಗಳು ಎಷ್ಟಿವೆ, ಎಲ್ಲಿವೆ, ಒಂದಕ್ಕೊಂದು ಕೂಡಿಕೊಂಡಿವೆಯೇ ಎಂದು ನೋಡುತ್ತಾರೆ. ಆಕ್ಸ್‌ಫರ್ಡ್ ಮಾಪಕದಲ್ಲಿ ಇದಕ್ಕೆ 0ಯಿಂದ 5ರವರೆಗೆ ದರ್ಜೆ ಇದೆ. ಒಣಕಣ್ಣಿನ ಬಗ್ಗೆ 2017ರಲ್ಲಿ ಬಂದ ಅಂತರರಾಷ್ಟ್ರೀಯ ವರದಿ ಕಾರ್ನಿಯಾದಲ್ಲಿ 5ಕ್ಕಿಂತ ಹೆಚ್ಚು ಚುಕ್ಕೆಗಳಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಗಲೂ ಉರಿ, ಚುಚ್ಚಿದಂತಾಗುವುದು ಮುಂತಾದ ಲಕ್ಷಣ ಇದ್ದರೆ ಮಾತ್ರ ಒಣಕಣ್ಣು ಎನ್ನುತ್ತಾರೆ. ಬರೀ ಫೋಟೋ ನೋಡಿ ರೋಗ ಹೇಳಲಾಗದು.

ಯಾವಾಗ ತಡ ಮಾಡಬಾರದು?

ಬಿಡಿ ಚುಕ್ಕೆಯ ಬದಲು ದೊಡ್ಡ ಹಸಿರು ಮಚ್ಚೆ ಇದ್ದರೆ ಅದು ಗಾಯ ಅಥವಾ ಹುಣ್ಣಾಗಿರಬಹುದು. ಇದು ಬರಿಗಣ್ಣಿಗೆ ಕಾಣದಿರಬಹುದು. ಆದ್ದರಿಂದ ನೋವು, ಕೆಂಪು, ಮಂಜುಮಂಜಾಗಿ ಕಾಣುವುದು, ಬೆಳಕು ನೋಡಲಾಗದಿರುವುದು, ಇವುಗಳಲ್ಲಿ ಯಾವುದೇ ಇದ್ದರೂ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದು ಹೋಗಿ.

ಭತ್ತ, ಕಬ್ಬಿನ ಗರಿ ಕಣ್ಣಿಗೆ ತಾಗಿದವರು ಇನ್ನಷ್ಟು ಎಚ್ಚರ ವಹಿಸಬೇಕು. ಇಂಥ ಗಾಯದಿಂದ ಶಿಲೀಂಧ್ರ ಸೋಂಕು ತಗುಲಬಹುದು. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿ ಹಾಕಿದರೆ ಸೋಂಕು ಉಲ್ಬಣಿಸಿ ದೃಷ್ಟಿಯೇ ಹೋಗಬಹುದು. ಎದೆಹಾಲು, ನಂದಿಬಟ್ಟಲು ಹೂವಿನ ರಸ, ಜೇನು ಯಾವುದನ್ನೂ ಹಾಕಬೇಡಿ.

ಸಾರಾಂಶ: ಒಂದೆರಡು ಹಸಿರು ಚುಕ್ಕೆಗೆ ಹೆದರಬೇಕಿಲ್ಲ. ಆದರೆ ಕಣ್ಣು ನೋಯುತ್ತಿದ್ದರೆ ಫೋಟೋವನ್ನು ಗ್ರೂಪ್‌ಗೆ ಕಳಿಸಿ ಉತ್ತರಕ್ಕೆ ಕಾಯಬೇಡಿ, ವೈದ್ಯರಿಗೆ ತೋರಿಸಿ.