ಡಿಸ್ಕಿನ ಪೋಡಿ, ಕಡತದ ಪಹಣಿ

ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳಾದರೂ ಅವುಗಳ ನೆಲದ ಲೆಕ್ಕ ಬಹುಕಾಲ ಒಂದೇ ಪುಸ್ತಕದಲ್ಲಿ ಇರಲಿಲ್ಲ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರು ಸಂಸ್ಥಾನದೊಳಗೇ ಉಳಿಯಿತು. ಹನೂರನ್ನೂ ಒಳಗೊಂಡಿದ್ದ ಅಂದಿನ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅಲ್ಲಿನ ಕಂದಾಯ ಕ್ರಮದಲ್ಲೇ ನಡೆಯಿತು. ನೆಲಕ್ಕೆ ಗಡಿ ಹಾಕುವುದು ಒಂದು ಕೆಲಸ, ಗಡಿಯೊಳಗಿನದನ್ನು ಯಾವ ಕ್ರಮದಲ್ಲಿ ಬರೆದಿಡಬೇಕೆಂಬುದು ಇನ್ನೊಂದು ಕೆಲಸ. ಲಿನಕ್ಸ್‌ನಂತಹ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಹಾಕುವಾಗ ಡಿಸ್ಕಿನ ಬಗ್ಗೆ ಎದುರಾಗುವ ಪ್ರಶ್ನೆಯೂ ಈ ಎರಡೇ ಕೆಲಸಗಳಿಗೆ ಸಂಬಂಧಿಸಿದ್ದು.

ಗಡಿಯ ಕೆಲಸವನ್ನು ಪಾರ್ಟಿಷನ್ ಎನ್ನುತ್ತಾರೆ. ಒಂದು ಸರ್ವೆ ನಂಬರನ್ನು ಪೋಡಿ ಮಾಡಿ ಹಿಸ್ಸೆಗಳಾಗಿಸಿದಂತೆ ಒಂದೇ ಡಿಸ್ಕನ್ನು ಹಲವು ತುಂಡುಗಳಾಗಿ ಅಳೆದುಕೊಡುವುದೇ ಇದು. ಪ್ರತಿ ಹಿಸ್ಸೆಯೊಳಗಿನ ದಾಖಲೆಯ ಕ್ರಮವೇ ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್. ಇದರಲ್ಲಿ ಪ್ರತಿಯೊಂದು ಕಡತಕ್ಕೂ ಐನೋಡ್ ಎಂಬ ಒಂದು ಪಹಣಿ ಇರುತ್ತದೆ: ಕಡತದ ಒಡೆಯ ಯಾರು, ವಿಸ್ತೀರ್ಣ ಎಷ್ಟು, ಅದು ಡಿಸ್ಕಿನ ಯಾವ ಯಾವ ಜಾಗದಲ್ಲಿ ಹರಡಿದೆ ಎಂಬುದೆಲ್ಲ ಅಲ್ಲಿ ನಮೂದಾಗುತ್ತದೆ. ಅಚ್ಚರಿಯೆಂದರೆ ಕಡತದ ಹೆಸರು ಮಾತ್ರ ಐನೋಡಿನಲ್ಲಿ ಇರುವುದಿಲ್ಲ. ಅದನ್ನು ಕಡತಕೋಶದ ಪಟ್ಟಿಯಲ್ಲಿ ಬೇರೆಯಾಗಿ ಬರೆದಿಡಲಾಗುತ್ತದೆ.

ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಸ್ಥಾಪನಾ ತಂತ್ರಾಂಶ ಕನ್ನಡದಲ್ಲಿಯೂ ಮಾತನಾಡುತ್ತದೆ, ಮತ್ತು ಅದು ಹೊಸಬರ ಮುಂದೆ ಇಡುವ ವಿನ್ಯಾಸಗಳಲ್ಲಿ ಮುಖ್ಯವಾದವು ಮೂರು: ಎಲ್ಲ ಕಡತಗಳೂ ಒಂದೇ ಹಿಸ್ಸೆಯಲ್ಲಿ, ಬಳಕೆದಾರರ ಕಡತಗಳಿರುವ ‘ಹೋಮ್’ ಮಾತ್ರ ಬೇರೆ, ಇಲ್ಲವೇ ಹೋಮ್, ಸದಾ ಬದಲಾಗುವ ದತ್ತಾಂಶದ ‘ವಾರ್’ ಮತ್ತು ತಾತ್ಕಾಲಿಕ ಕಡತಗಳ ‘ಟೆಂಪ್’ ಮೂರೂ ಬೇರೆ ಬೇರೆ. ಮೂರನೆಯದು ಹಗಲಿರುಳು ನಡೆಯುವ ಸರ್ವರುಗಳಿಗೆ ಹೊಂದುವಂಥದ್ದು. ಮನೆಗೆ, ಶಾಲೆಗೆ ಅಥವಾ ಸಣ್ಣ ಕಚೇರಿಗೆ ಎರಡನೆಯದೇ ಲೇಸು. ಏಕೆಂದರೆ ವ್ಯವಸ್ಥೆ ಕೆಟ್ಟಾಗ ಅಥವಾ ಹೊಸ ಆವೃತ್ತಿ ಬಂದಾಗ ಮೂಲ ಹಿಸ್ಸೆಯಾದ ರೂಟ್ ಅನ್ನು ಮಾತ್ರ ಅಳಿಸಿ ಮತ್ತೆ ಕಟ್ಟಬಹುದು, ಹೋಮ್ ಹಿಸ್ಸೆಯನ್ನು ಫಾರ್ಮ್ಯಾಟ್ ಮಾಡಬೇಡವೆಂದು ಸೂಚಿಸಿದರೆ ಅದರಲ್ಲಿರುವ ಪತ್ರ, ಚಿತ್ರ, ಧ್ವನಿಮುದ್ರಣಗಳು ಇದ್ದಲ್ಲೇ ಇರುತ್ತವೆ. 256 ಗಿಗಾಬೈಟಿನ ಡಿಸ್ಕಿನಲ್ಲಿ ಯಂತ್ರ ಚಾಲೂ ಆಗಲು ಬೇಕಾದ ಇಎಫ್ಐ ಹಿಸ್ಸೆಗೆ ಅರ್ಧ ಗಿಗಾಬೈಟ್, ರೂಟ್‌ಗೆ 40, ಸ್ಮರಣೆಗೆ ಆಸರೆಯಾಗುವ ಸ್ವಾಪ್‌ಗೆ ಯಂತ್ರದ ರ‍್ಯಾಮ್‌ನಷ್ಟು ಕೊಟ್ಟು ಉಳಿದುದನ್ನೆಲ್ಲ ಹೋಮ್‌ಗೆ ಬಿಡುವುದು ಸಾಕಷ್ಟು ಸುರಕ್ಷಿತವಾದ ಲೆಕ್ಕ. ಬಾಂದು ಕಲ್ಲನ್ನು ಆಮೇಲೆ ಸರಿಸುವುದು ಹೊಲದಲ್ಲಿ ಎಷ್ಟು ತೊಡಕೋ ಡಿಸ್ಕಿನಲ್ಲಿಯೂ ಅಷ್ಟೇ ತೊಡಕಾದುದರಿಂದ ಈ ಲೆಕ್ಕವನ್ನು ಮೊದಲೇ ಹಾಕಬೇಕು.

ಇನ್ನು ದಾಖಲೆಯ ಕ್ರಮ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಹನೂರಿನ ಕಾಡಂಚಿನ ಊರೊಂದರಲ್ಲಿ ಕಂಪ್ಯೂಟರ್ ಬರೆಯುತ್ತಿದ್ದಂತೆಯೇ ನಿಂತುಹೋಗಬಹುದು; ಆಗ ಕಡತಕ್ಕೆ ಜಾಗ ಮೀಸಲಾಗಿದ್ದು ಐನೋಡಿನಲ್ಲಿ ಅದು ನಮೂದಾಗದೇ ಉಳಿದರೆ ಇಡೀ ಹಿಸ್ಸೆಯ ಲೆಕ್ಕವೇ ತಪ್ಪುತ್ತದೆ. 1993ರ ಎಕ್ಸ್‌ಟಿ2 ವ್ಯವಸ್ಥೆಯಲ್ಲಿ ಇಂಥ ತಪ್ಪನ್ನು ಹುಡುಕಲು ಡಿಸ್ಕಿನ ಎಲ್ಲ ದಾಖಲೆಗಳನ್ನೂ ಮೊದಲಿಂದ ತಾಳೆ ನೋಡಬೇಕಿತ್ತು. 2001ರಲ್ಲಿ ಲಿನಕ್ಸಿಗೆ ಸೇರಿದ ಎಕ್ಸ್‌ಟಿ3 ಇದಕ್ಕೆ ಜರ್ನಲ್ ಎಂಬ ಪರಿಹಾರವನ್ನು ತಂದಿತು. ಪಹಣಿ ಬದಲಾಗುವ ಮುನ್ನ ಮ್ಯುಟೇಷನ್ ರಿಜಿಸ್ಟರಿನಲ್ಲಿ ನಮೂದಾಗುವಂತೆ, ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲಿನಲ್ಲಿ ಬರೆದು, ಆ ಬಳಿಕವೇ ಮೂಲ ದಾಖಲೆಯನ್ನು ತಿದ್ದುವ ಈ ಕ್ರಮದಿಂದಾಗಿ ವಿದ್ಯುತ್ ಮರಳಿದಾಗ ಜರ್ನಲಿನ ಕೆಲವು ಪುಟಗಳನ್ನಷ್ಟೇ ಓದಿ ಲೆಕ್ಕ ಸರಿಪಡಿಸಬಹುದು. 2008ರ ಕೊನೆಗೆ ಸಿದ್ಧವಾದ ಎಕ್ಸ್‌ಟಿ4 ಇದೇ ಕುಲದ್ದು, ಮತ್ತು ಈ ಸೀಮೆಯ ಸಾಧಾರಣ ಯಂತ್ರಕ್ಕೆ ಕಣ್ಣುಮುಚ್ಚಿ ಆರಿಸಬಹುದಾದದ್ದು. ಆದರೆ ಜರ್ನಲ್ ಕಾಪಾಡುವುದು ದಾಖಲೆಯ ಸುಸಂಬದ್ಧತೆಯನ್ನೇ ಹೊರತು ಡಿಸ್ಕಿಗೆ ಇನ್ನೂ ಇಳಿಯದ ಬರಹವನ್ನಲ್ಲ. ಅದಕ್ಕೆ ಯುಪಿಎಸ್ಸೇ ಬೇಕು.

ಬೇರೆ ಎರಡು ಕ್ರಮಗಳೂ ಪ್ರಚಾರದಲ್ಲಿವೆ. ಲಿನಕ್ಸಿನ ಇನ್ನೊಂದು ರೂಪವಾದ ಫೆಡೋರಾ 2020ರಿಂದ ತನ್ನ ಡೆಸ್ಕ್‌ಟಾಪ್ ಆವೃತ್ತಿಗೆ ಆರಿಸಿಕೊಂಡ ಬಿಟಿಆರ್‌ಎಫ್‌ಎಸ್, ಹಳೆಯ ಪುಟವನ್ನು ಅಳಿಸದೆ ಹೊಸ ಪುಟದಲ್ಲಿ ಬರೆದು ಸೂಚಿಯನ್ನು ಮಾತ್ರ ಬದಲಿಸುವುದರಿಂದ ನಿನ್ನೆಯ ಸ್ಥಿತಿಗೆ ಇಂದು ಮರಳುವುದು ಅದರಲ್ಲಿ ಸುಲಭ. ದೊಡ್ಡ ಕಡತಗಳಿಗೆ ಹೇಳಿಮಾಡಿಸಿದ ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸಬಹುದಾದರೂ ಬೇಕೆಂದಾಗ ಕುಗ್ಗಿಸಲಾಗದು.

ಇವೆಲ್ಲಕ್ಕಿಂತ ಕನ್ನಡಿಗರು ಹೆಚ್ಚು ಗಮನಿಸಬೇಕಾದದ್ದು ಹೆಸರಿನ ವಿಷಯ. ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರು ಇರುಳಿಡೀ ಹಾಡುವ ಕಥನವನ್ನೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡುಗಳನ್ನೋ ದಾಖಲಿಸುವವರು ಹಾಡಿದವರು, ಊರು, ದಿನ ಎಲ್ಲವೂ ಹೆಸರಿನಲ್ಲೇ ಇರಲೆಂದು ಕಡತಗಳಿಗೆ ಉದ್ದುದ್ದ ಕನ್ನಡ ಹೆಸರು ಕೊಡುವುದು ಸಹಜ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರರಲ್ಲೂ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ವ್ಯಂಜನ, ಪ್ರತಿ ಸ್ವರಚಿಹ್ನೆ, ಪ್ರತಿ ಅರ್ಧಾಕ್ಷರ ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗೇ ಮಿತಿ ಮುಗಿಯುತ್ತದೆ. ‘ಮಲೆ ಮಹದೇಶ್ವರ ಬೆಟ್ಟ’ ಎಂಬುದೊಂದೇ 50 ಬೈಟ್ ತಿನ್ನುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟುಗಳನ್ನಲ್ಲ, ಸಂಕೇತಗಳನ್ನೇ 255ರವರೆಗೆ ಎಣಿಸುವ ಕಾರಣ ಅಲ್ಲಿ ನೆಮ್ಮದಿಯಾಗಿದ್ದ ನೂರು ಸಂಕೇತಗಳ ಕನ್ನಡ ಹೆಸರಿನ ಕಡತ ಲಿನಕ್ಸಿನ ಡಿಸ್ಕಿಗೆ ನಕಲಾಗಲು ನಿರಾಕರಿಸುತ್ತದೆ. ಭಾಷೆಯ ಮೇಲೆ ಬಿದ್ದ ಈ ಮೂರು ಪಟ್ಟು ತೆರಿಗೆ ಯಾರೂ ಬೇಕೆಂದು ಹಾಕಿದ್ದಲ್ಲವಾದರೂ ಅದರ ಹೊರೆ ನಿಜವಾದದ್ದು.

‘ಕೊಳ್ಳೇಗಾಲ’ ಎಂಬ ಹೆಸರಿನಲ್ಲಂತೂ ಇನ್ನೂ ಸೂಕ್ಷ್ಮವಾದ ತೊಡಕಿದೆ. ಇದರಲ್ಲಿನ ಒತ್ವ ಮತ್ತು ಏತ್ವಗಳನ್ನು ಯೂನಿಕೋಡ್ ಒಂದೊಂದೇ ಸಂಕೇತವಾಗಿಯೂ ಎರಡೆರಡು ಬಿಡಿ ಸಂಕೇತಗಳಾಗಿಯೂ ಬರೆಯಲು ಅವಕಾಶ ಕೊಟ್ಟಿದೆ. ಮೊದಲ ಬಗೆಯಲ್ಲಿ ಊರಿನ ಹೆಸರು 27 ಬೈಟ್, ಎರಡನೆಯದರಲ್ಲಿ 33. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಎಕ್ಸ್‌ಟಿ4 ಸಾಮಾನ್ಯವಾಗಿ ಬೈಟುಗಳನ್ನಷ್ಟೇ ಹೋಲಿಸುವುದರಿಂದ ಒಂದೇ ಕಡತಕೋಶದಲ್ಲಿ ಎರಡು ‘ಕೊಳ್ಳೇಗಾಲ’ಗಳು ನೆಲೆಸಬಹುದು, ಒಂದರಲ್ಲಿಟ್ಟ ಕಡತವನ್ನು ಇನ್ನೊಂದರಲ್ಲಿ ಹುಡುಕಿ ಸೋಲಬಹುದು. ಹಳೆಯ ಮ್ಯಾಕ್ ಯಂತ್ರಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಬರೆದಿಡುತ್ತಿದ್ದುದರಿಂದ ಅಲ್ಲಿಂದ ತಂದ ಸಂಗ್ರಹಗಳಲ್ಲಿ ಈ ತೊಡಕು ಕಾಣಿಸಿಕೊಳ್ಳುತ್ತದೆ. ಹನೂರು, ಯಳಂದೂರು ಎಂಬ ಹೆಸರುಗಳಲ್ಲಿ ಹಾಗೆ ಬಿಡಿಸಬಹುದಾದ ಸ್ವರಚಿಹ್ನೆ ಇಲ್ಲದ ಕಾರಣ ಅವುಗಳಿಗೆ ಒಂದೇ ರೂಪ.