ಹುದ್ದೆಯಿಲ್ಲದೆ ಆಳಿದವನು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಿರಿಯರು ಕಾಲವನ್ನೆಣಿಸುವಾಗ ‘ಹಾವಳಿಗಿಂತ ಮುಂಚೆ’, ‘ಹಾವಳಿಯಾದ ಮೇಲೆ’ ಎನ್ನುತ್ತಿದ್ದುದನ್ನು ನಾನು ಕೇಳಿದ್ದೇನೆ. ರಜಾಕಾರರ ಆ ಹಾವಳಿಗೆ ಅಂಟಿಕೊಂಡ ಹೆಸರು ಖಾಸಿಂ ರಜ್ವಿಯದು. ಪರದೇಶಗಳನ್ನು ತುಳಿದಾಳಿದ ನಾಜಿ ಅಧಿಕಾರಿಗಳ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಓದಿಬಲ್ಲರು. ತಮ್ಮ ನೆಲವನ್ನೇ ನಡುಗಿಸಿದ ಈತನ ಕಥೆಯನ್ನು ಬಲ್ಲವರು ವಿರಳ.

ರಜ್ವಿ ಅಲೀಗಢದಲ್ಲಿ ಓದಿ ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದವನು. 1944ರಲ್ಲಿ ಬಹಾದೂರ್ ಯಾರ್ ಜಂಗ್ ತೀರಿಕೊಂಡರು. ಕೆಲಕಾಲದ ತರುವಾಯ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಚುಕ್ಕಾಣಿ ಈತನ ಕೈಸೇರಿತು. ರಜಾಕಾರನೆಂದರೆ ಸ್ವಯಂಸೇವಕ. ಆ ಸೌಮ್ಯ ಶಬ್ದದ ಕೈಗೆ ರಜ್ವಿ ಬಂದೂಕು ಕೊಟ್ಟನು. ಸರಕಾರದಲ್ಲಿ ಆತನಿಗೆ ಹುದ್ದೆಯಿರಲಿಲ್ಲ. ಆದರೂ 1947ರ ಕೊನೆಯ ಹೊತ್ತಿಗೆ ನಿಜಾಮರ ಮಂತ್ರಿಮಂಡಲವೇ ಆತನ ಮಾತಿಗೆ ಅಂಜುವಂತಾಯಿತು. ದೆಹಲಿಯ ಕೆಂಪುಕೋಟೆಯ ಮೇಲೆ ಆಸಫ್‌ಜಾಹಿ ಧ್ವಜವನ್ನೇರಿಸುವೆನೆಂದು ಆತನು ಸಾರಿದನು. ಇತ್ತ ಹಳ್ಳಿಗಳಲ್ಲಿ ಸುಲಿಗೆ, ಬೆಂಕಿ, ಕೊಲೆ. ವಾಡಿ, ಶಹಾಬಾದಿನ ರೈಲುದಾರಿ ಮುಟ್ಟುವ ಸೊಲ್ಲಾಪುರವು ಸಂಸ್ಥಾನದಿಂದ ಓಡಿಹೋದವರ ಆಸರೆಯಾಯಿತು.

ವಿರೋಧಿಸಿದ ಸ್ವಧರ್ಮೀಯರಿಗೂ ಉಳಿವಿರಲಿಲ್ಲ. ಸಂಸ್ಥಾನವು ಭಾರತವನ್ನು ಸೇರಬೇಕೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು.

ಅದೇ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ಅಷ್ಟೊಂದು ಆರ್ಭಟ ಐದೇ ದಿನಗಳಲ್ಲಿ ಅಡಗಿತು. ರಜ್ವಿ ಸೆರೆಯಾದನು, ಬೀಬಿನಗರದ ದರೋಡೆ ಮೊಕದ್ದಮೆಯಲ್ಲಿ ಶಿಕ್ಷೆಯಾಯಿತು. 1957ರಲ್ಲಿ ಬಿಡುಗಡೆ ಹೊಂದಿ ಪಾಕಿಸ್ತಾನಕ್ಕೆ ತೆರಳಿದವನು 1970ರಲ್ಲಿ ಕರಾಚಿಯಲ್ಲಿ ಮಡಿದನು.

ಕಥೆ ಇಲ್ಲಿಗೆ ಮುಗಿಯುವಂತಿದ್ದರೆ ಲೇಸಿತ್ತು. ಆತನು ಮಾಡಿದ ಸಾಲವನ್ನು ತೀರಿಸಿದವರು ಬೇರೆಯವರು. ಸೈನ್ಯ ಬಂದ ಬೆನ್ನಿಗೇ ನಿರಪರಾಧಿ ಮುಸಲ್ಮಾನರ ಮೇಲೆ ಸೇಡು ಎರಗಿತು. ನೆಹರೂ ಅವರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವನ್ನೂ ಎಣಿಸಿತು. ಸಂಸ್ಥಾನದಲ್ಲೆಲ್ಲ ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ನಾಯಕನಿಗೆ ಹೋಗಲು ಕರಾಚಿಯಿತ್ತು. ಶಹಾಬಾದಿನ ಕಲ್ಲುಗಣಿಯ ಕೂಲಿಗೆ, ಚಿಂಚೋಳಿಯ ರೈತನಿಗೆ, ಅವನು ಯಾವ ಧರ್ಮದವನೇ ಆಗಲಿ, ಈ ನೆಲವಲ್ಲದೆ ಬೇರೆ ನೆಲೆಯಿರಲಿಲ್ಲ. ಪ್ರತಿ ಸೆಪ್ಟೆಂಬರ್ 17ರಂದು ಶಾಲೆಗಳಲ್ಲಿ ಧ್ವಜವೇರುವಾಗ ಮಕ್ಕಳಿಗೆ ಎರಡು ಕಡೆಯ ಅಳಲನ್ನೂ ಹೇಳಬೇಕೆಂದು ನನ್ನ ಭಾವನೆ. ಒಂದನ್ನೇ ನೆನೆದು ಇನ್ನೊಂದನ್ನು ಮರೆತರೆ, ರಜ್ವಿ ಕಲಿಸಿಹೋದ ಪಾಠವನ್ನೇ ನಾವು ಒಪ್ಪಿಸಿದಂತಾದೀತು.