ಕೀಲಿಮಣೆ ಕೊಳ್ಳುವ ಮುನ್ನ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಮನೆಗಳಲ್ಲೂ ಈಗ ಕಂಪ್ಯೂಟರ್ ಮುಂದೆ ದುಡಿಯುವವರಿದ್ದಾರೆ. ಚಿಕ್ಕ ಮೆಕ್ಯಾನಿಕಲ್ ಕೀಲಿಮಣೆ ಕೊಂಡರೆ ಕೈನೋವು ಹೋಗುವುದೇ ಎಂಬುದು ಹಲವರ ಪ್ರಶ್ನೆ.

ಬಲಬದಿಯ ಅಂಕಿಗಳ ಸಾಲು ಇಲ್ಲದಿದ್ದರೆ ಮೌಸ್ ಹತ್ತಿರವಾಗುತ್ತದೆ. ತೋಳು ಹೊರಕ್ಕೆ ಚಾಚಬೇಕಿಲ್ಲ, ಭುಜಕ್ಕೆ ಹಿತ. ದಿನವಿಡೀ ಲೆಕ್ಕ ಬರೆಯುವವರಿಗೆ ಮಾತ್ರ ಇದು ಒಗ್ಗದು. ಮೆಕ್ಯಾನಿಕಲ್ ಕೀಲಿ ಸಾಮಾನ್ಯವಾಗಿ 4 ಮಿ.ಮೀ. ಇಳಿದರೂ ಸುಮಾರು ಅರ್ಧದಲ್ಲೇ ಅಕ್ಷರ ಮೂಡುತ್ತದೆ, ತಳದವರೆಗೆ ಗುದ್ದಬೇಡಿ. 45 ಗ್ರಾಂ ಆಸುಪಾಸಿನ ಹಗುರ ಕೀಲಿ ಸಾಕು. ಇಂಥ ಮಣೆ ತುಸು ಎತ್ತರ. ಆದ್ದರಿಂದ ಹಿಂದಿನ ಕಾಲುಗಳನ್ನು ಮಡಚಿಡಿ, ಮಣಿಕಟ್ಟು ನೇರವಿರಲಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿದ್ದರೆ, ಕೈಯ ಹಿಡಿತ ಸಡಿಲಿದ್ದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಆಗ ಮಣೆ ಬದಲಿಸುತ್ತ ತಿಂಗಳು ಕಳೆಯಬೇಡಿ, ವೈದ್ಯರನ್ನು ಕಾಣಿರಿ. ಮಧುಮೇಹ, ಥೈರಾಯ್ಡ್ ದೋಷವೂ ಇದಕ್ಕೆ ಕಾರಣವಾಗಬಲ್ಲವು.